ವಿರೇಚನದ ವಿವೇಕ

1848ರಲ್ಲಿ ಸ್ಥಾಪಿತವಾದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಕೂಗಳತೆಯಲ್ಲೇ ಇದ್ದರೂ, ಹಂಪನಕಟ್ಟೆಯ ಮದ್ದಿನಂಗಡಿಗಳ ಮುಂದೆ ಸಂಜೆಯ ಹೊತ್ತು ನಿಂತವರು ಗಮನಿಸಿರಬಹುದು: ಜ್ವರಕ್ಕೂ ಕೆಮ್ಮಿಗೂ ಗಟ್ಟಿಯಾಗಿ ಮದ್ದು ಕೇಳುವವರು, ಮಲಬದ್ಧತೆಯ ಪ್ರಸ್ತಾಪ ಬಂದೊಡನೆ ದನಿ ತಗ್ಗಿಸಿ, ‘ಹೊಟ್ಟೆ ಸರಿಯಾಗಿ ಹೋಗುವುದಿಲ್ಲ, ಬೇಗ ಹೋಗುವಂಥದ್ದು ಏನಾದರೂ ಕೊಡಿ ಮಾರಾಯ್ರೆ’ ಎನ್ನುತ್ತಾರೆ. ವೈದ್ಯರೊಡನೆ ಆಡಬೇಕಾದ ಮಾತು ಹೀಗೆ ಸಂಕೋಚದ ದೆಸೆಯಿಂದ ಅಂಗಡಿಯ ಮೇಜಿನ ಬಳಿಯೇ ಮುಗಿಯುತ್ತದೆ. ವೇಗವನ್ನೇ ಗುಣವೆಂದು ಬಗೆದವರ ಕೈಗೆ, ಉಳಿದವುಗಳಿಗಿಂತ ಹೆಚ್ಚು ಜಾಗ್ರತೆ ಬೇಡುವ ಮಾತ್ರೆಯೇ ಬಂದು ಸೇರುತ್ತದೆ.

ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸಿ, ದಿನವಿಡೀ ಗಂಜಿತಿಳಿಯಲ್ಲೇ ಇರಿಸುತ್ತಿದ್ದ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದುಬಂದಿತು. ಅದು ಕ್ರೂರವೇ ಸರಿ, ಅದನ್ನು ಮರಳಿ ತರಬೇಕೆಂದು ನಾನು ಹೇಳಲಾರೆ; ಗರ್ಭಿಣಿಯರಿಗಂತೂ ಹರಳೆಣ್ಣೆ ಸರ್ವಥಾ ವರ್ಜ್ಯ. ಆದರೆ ಆ ಕಾಟ ವರ್ಷಕ್ಕೊಮ್ಮೆ ಮುಗಿಯುತ್ತಿತ್ತು; ಈಗ ಪ್ರತಿರಾತ್ರಿಯೂ ಒಂದು ಮಾತ್ರೆ ನುಂಗದೆ ನಿದ್ರಿಸಲಾರದ ಗೃಹಸ್ಥರಿದ್ದಾರೆ. ದಿನಂಪ್ರತಿ ಮಲವಿಸರ್ಜನೆ ಆಗಲೇಬೇಕೆಂಬ ಅವರ ನಂಬಿಕೆಗೆ ಆಧಾರವಿಲ್ಲ. ದಿನಕ್ಕೆ 3 ಸಲ ಹೋಗುವವರೂ ವಾರಕ್ಕೆ 3 ಸಲ ಹೋಗುವವರೂ, ಬೇರೆ ತೊಂದರೆಯಿಲ್ಲದಿದ್ದರೆ, ಆರೋಗ್ಯವಂತರೇ.

ಇರುವ ಮದ್ದುಗಳಲ್ಲಿ ಸೌಮ್ಯವಾದದ್ದು ಇಸಬ್‌ಗೋಲ್. ಗುಜರಾತ್, ರಾಜಸ್ಥಾನಗಳ ಹೊಲಗಳಿಂದ ಬರುವ ಬೀಜದ ಈ ಹೊಟ್ಟು ನೀರನ್ನು ಹೀರಿ ಉಬ್ಬಿ ಮಲವನ್ನು ಮೃದುಗೊಳಿಸುತ್ತದೆ. ಲೋಟದಲ್ಲಿ ಕಲಕಿ ನಾಲ್ಕು ನಿಮಿಷ ಬಿಟ್ಟರೆ ಅದು ಲೋಳೆಯಾಗಿ ಚಮಚಕ್ಕಂಟುವುದನ್ನು ಕಣ್ಣಾರೆ ಕಾಣಬಹುದು. ಅದೇ ಲೋಳೆ ಗಂಟಲಲ್ಲಿ ಕಟ್ಟಿಕೊಂಡರೆ ಗತಿಯೇನು? ಆದಕಾರಣ ಒಣಹೊಟ್ಟನ್ನು ಬಾಯಿಗೆ ಸುರಿದುಕೊಳ್ಳದೆ, ದೊಡ್ಡ ಲೋಟದ ತುಂಬ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು, ಆ ಮೇಲೂ ನೀರು ಕುಡಿಯಬೇಕು. ನುಂಗಲು ಕಷ್ಟವಿರುವವರು ಅದರ ಗೊಡವೆಗೇ ಹೋಗಬಾರದು. ಫಲಕ್ಕೆ ಒಂದರಿಂದ ಮೂರು ದಿನ ಬೇಕಾದೀತು. ಚೈತ್ರ ವೈಶಾಖಗಳಲ್ಲಿ ಬೆವರಾಗಿಯೇ ದೇಹ ಬತ್ತುವ ಮಂಗಳೂರಿನಲ್ಲಿ ನೀರಿಲ್ಲದ ಇಸಬ್‌ಗೋಲ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಬೇಗ ಹೋಗುವಂಥದ್ದೆಂದು ಕೊಡುವ ಬಿಸಾಕೋಡಿಲ್ ಮಾತ್ರೆಗೆ ಮೇಲೊಂದು ಲೇಪವಿರುವುದು ಅದು ಜಠರವನ್ನು ದಾಟಿ ಕರುಳಿನಲ್ಲೇ ಕರಗಲೆಂದು. ಹಾಲಿನೊಡನೆಯೋ ಆಮ್ಲಶಾಮಕದೊಡನೆಯೋ ನುಂಗಿದರೆ, ಅಥವಾ ಜಗಿದರೆ, ಲೇಪ ಮೊದಲೇ ಕರಗಿ ಹೊಟ್ಟೆ ನುಲಿಯುತ್ತದೆ. ರಾತ್ರಿ ತೆಗೆದುಕೊಂಡದ್ದು 6ರಿಂದ 12 ಗಂಟೆಗಳಲ್ಲಿ ಕೆಲಸ ಮಾಡುವುದೆಂಬುದನ್ನರಿಯದೆ, ನಡುವೆಯೇ ಎರಡನೆಯದನ್ನು ನುಂಗುವ ಆತುರಗಾರರ ಬೆಳಗನ್ನು ವರ್ಣಿಸುವುದು ಬೇಡ. ವೈದ್ಯರ ಸಲಹೆಯಿಲ್ಲದೆ ವಾರಕ್ಕೂ ಮಿಗಿಲಾಗಿ ಇದನ್ನು ಸೇವಿಸಿದರೆ ಪೊಟ್ಯಾಶಿಯಂ ಸೋರಿಹೋಗಬಹುದು. ಮೂತ್ರವರ್ಧಕ ಮಾತ್ರೆ ತಿನ್ನುವ ಹೃದ್ರೋಗಿಗಳಿಗೆ ಇದು ಅಪಾಯಕರ. ಚೂರ್ಣಗಳಲ್ಲಿ ಸೇರುವ ಸೋನಾಮುಖಿಯೂ ಕರುಳನ್ನು ಕೆರಳಿಸುವ ಜಾತಿಯದೇ. ಗಿಡಮೂಲಿಕೆಯೆಂದ ಮಾತ್ರಕ್ಕೆ ಅದಕ್ಕೆ ರಿಯಾಯಿತಿಯಿಲ್ಲ. ಮೂತ್ರಪಿಂಡ ಕುಂದಿದವರು ಮಿಲ್ಕ್ ಆಫ್ ಮೆಗ್ನೀಶಿಯವನ್ನು ತಾವಾಗಿ ತೆಗೆದುಕೊಳ್ಳತಕ್ಕುದಲ್ಲ. ದ್ರವ ಪ್ಯಾರಾಫಿನ್ ಕುಡಿದೊಡನೆ ಮಲಗಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಎಷ್ಟೋ ವೇಳೆ ಮಲಬದ್ಧತೆಯ ಮೂಲ ಇನ್ನೊಂದು ಮದ್ದಿನಲ್ಲೇ ಅಡಗಿರುತ್ತದೆ: ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೋಡೀನ್ ಬೆರೆತ ಕೆಮ್ಮಿನ ಸಿರಪ್. ಇವುಗಳ ಚೀಟಿಯನ್ನು ಜತೆಗೊಯ್ದು ತೋರಿಸಿದರೆ ವೈದ್ಯರ ಅರ್ಧ ಕೆಲಸ ಹಗುರಾದೀತು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಐವತ್ತು ದಾಟಿದ ಮೇಲೆ ಹೊಟ್ಟೆಯ ರೂಢಿಯೇ ಬದಲಾದರೆ ಅಂಗಡಿಯನ್ನು ಆಶ್ರಯಿಸಬಾರದು. ತೀವ್ರವಾದ ಹೊಟ್ಟೆನೋವಿನೊಂದಿಗೆ ವಾಂತಿಯಾಗಿ, ಗಾಳಿಯೂ ಹೊರಹೋಗದೆ ಹೊಟ್ಟೆ ಉಬ್ಬಿದ್ದರೆ, ಯಾವ ವಿರೇಚಕವನ್ನೂ ಮುಟ್ಟದೆ, ಬೆಳಗಾಗಲೆಂದೂ ಕಾಯದೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡತಕ್ಕುದು.