ರಾಜಧಾನಿ ಎಂದ ಮಾತ್ರಕ್ಕೆ ಡೆಮಾಕ್ರಟರ ಕೋಟೆಯೇ?

ಅಮೆರಿಕದ ಚುನಾವಣೆ ಬಂತೆಂದರೆ ಟಿ.ವಿ. ಪರದೆಯ ತುಂಬ ಕೆಂಪು–ನೀಲಿ ನಕ್ಷೆ. ಕೆಂಪು ರಿಪಬ್ಲಿಕನ್ನರದು, ನೀಲಿ ಡೆಮಾಕ್ರಟರದು. ಕೆಂಪು ರಾಜ್ಯದ ನಡುವೆ ರಾಜಧಾನಿಯೊಂದು ನೀಲಿಯಾಗಿ ಕಂಡಾಗ ಹುಟ್ಟಿಕೊಳ್ಳುವ ನಾಲ್ಕು ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ರಾಜ್ಯ ಯಾರ ಕಡೆಗಿದ್ದರೂ ರಾಜಧಾನಿ ಡೆಮಾಕ್ರಟರದೇ.
ಸತ್ಯ: ಟೆಕ್ಸಾಸ್ ನೋಡಿದರೆ ಹಾಗನ್ನಿಸುವುದು ಸಹಜ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಾಜ್ಯ ರಿಪಬ್ಲಿಕನ್ ಟ್ರಂಪ್ ಪಾಲಾದರೂ ರಾಜಧಾನಿ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯಲ್ಲಿ ಡೆಮಾಕ್ರಟ್ ಬೈಡನ್‌ಗೆ ಶೇ. 71ರಷ್ಟು ಮತ ಬಿತ್ತು. ಆದರೆ ಅದೇ ವರ್ಷ ನೆವಾಡದಲ್ಲಿ ಆದದ್ದು ಇದರ ತಿರುವುಮುರುವು: ರಾಜ್ಯ ಗೆದ್ದವರು ಬೈಡನ್, ರಾಜಧಾನಿ ಕಾರ್ಸನ್ ಸಿಟಿಯಲ್ಲಿ ಗೆದ್ದವರು ಟ್ರಂಪ್.

ತಪ್ಪು ಕಲ್ಪನೆ: ಸರ್ಕಾರಿ ನೌಕರರ ಮತವೇ ಎಲ್ಲವನ್ನೂ ನಿರ್ಧರಿಸುತ್ತದೆ.
ಸತ್ಯ: ಸರ್ಕಾರಿ ನೌಕರರಿಲ್ಲದ ರಾಜಧಾನಿ ಯಾವುದಿದೆ? ನಾರ್ತ್ ಡಕೋಟದ ಬಿಸ್ಮಾರ್ಕ್‌ನಲ್ಲೂ ಅವರಿದ್ದಾರೆ; 2020ರಲ್ಲಿ ಆ ಊರಿರುವ ಕೌಂಟಿಯ ಮೂರರಲ್ಲಿ ಎರಡು ಪಾಲು ಮತ ಟ್ರಂಪ್‌ಗೇ ಹೋಯಿತು. ನೀಲಿ ರಾಜಧಾನಿಗಳನ್ನು ನೋಡಿ: ಆಸ್ಟಿನ್, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗಳಲ್ಲಿ ದೊಡ್ಡ ವಿಶ್ವವಿದ್ಯಾಲಯಗಳಿವೆ. ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಊರಿನ ಮತವನ್ನು ರೂಪಿಸುವುದು ಇಂಥ ಜನಜೀವನ, ವಿಧಾನಸೌಧದ ಕಟ್ಟಡವಲ್ಲ.

ತಪ್ಪು ಕಲ್ಪನೆ: ದೊಡ್ಡ ಊರು ನೀಲಿ, ಸಣ್ಣ ಊರು ಕೆಂಪು.
ಸತ್ಯ: ವರ್ಮಾಂಟಿನ ಮಾಂಟ್‌ಪೀಲಿಯರ್ ಅಮೆರಿಕದ ಅತಿ ಚಿಕ್ಕ ರಾಜಧಾನಿ, ಜನಸಂಖ್ಯೆ ಸುಮಾರು 8,000. ಅಲ್ಲಿ ಡೆಮಾಕ್ರಟರಿಗೆ ಭಾರೀ ಬಹುಮತ. ಜನಸಂಖ್ಯೆಯಲ್ಲಿ ಅತಿ ದೊಡ್ಡ ರಾಜಧಾನಿ ಅರಿಜೋನದ ಫೀನಿಕ್ಸ್. ಅದಿರುವ ಮ್ಯಾರಿಕೋಪ ಕೌಂಟಿ 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್ ಕಡೆಗೆ ವಾಲಿತು.

ತಪ್ಪು ಕಲ್ಪನೆ: ರಾಜಧಾನಿಯಲ್ಲಿ ಸೋಲುವ ಪಕ್ಷಕ್ಕೆ ಹಾಕಿದ ಮತ ವ್ಯರ್ಥ.
ಸತ್ಯ: ಮೇನ್, ನೆಬ್ರಾಸ್ಕ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಇಡೀ ರಾಜ್ಯದ ಮತಗಳನ್ನು ಒಟ್ಟಿಗೆ ಕೂಡಿಸಿ, ಮುಂದಿರುವವರಿಗೆ ಅಧ್ಯಕ್ಷರನ್ನು ಆರಿಸುವ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳನ್ನೂ ಕೊಡುತ್ತಾರೆ. 2016ರಲ್ಲಿ ಮ್ಯಾಡಿಸನ್ ಇರುವ ಡೇನ್ ಕೌಂಟಿಯಲ್ಲಿ ಟ್ರಂಪ್ ಸುಮಾರು 1,46,000 ಮತಗಳಿಂದ ಹಿಂದೆ ಬಿದ್ದರು. ಆದರೂ ಅಲ್ಲಿ ಅವರಿಗೆ 71,000ಕ್ಕೂ ಹೆಚ್ಚು ಮತ ಸಿಕ್ಕಿತ್ತು. ವಿಸ್ಕಾನ್ಸಿನ್ ರಾಜ್ಯವನ್ನು ಅವರು ಗೆದ್ದ ಅಂತರ 23,000ಕ್ಕಿಂತ ಕಡಿಮೆ. ನಕ್ಷೆಯಲ್ಲಿ ಕಡು ನೀಲಿಯಾಗಿದ್ದ ಆ ಕೌಂಟಿಯ ಟ್ರಂಪ್ ಬೆಂಬಲಿಗರಲ್ಲಿ ಮೂರನೇ ಒಂದು ಪಾಲು ಜನ ಮತ ಹಾಕದೆ ಮನೆಯಲ್ಲೇ ಉಳಿದಿದ್ದರೆ, ವಿಸ್ಕಾನ್ಸಿನ್ ಅವರ ಕೈತಪ್ಪುತ್ತಿತ್ತು.