ಲಾಂಜಿನ ಬಾಗಿಲಲ್ಲಿ ಅರ್ಧ ಟಿಕೆಟ್ ಇಲ್ಲ

ಮಕ್ಕಳೊಡನೆ ಬಸ್ಸು ಹತ್ತಿದವರಿಗೆ ಕಂಡಕ್ಟರ್ ಕೇಳುವ ಮೊದಲ ಪ್ರಶ್ನೆ, ‘ಮಗುವಿಗೆ ಎಷ್ಟು ವರ್ಷ?’ ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ 6 ವರ್ಷ ತುಂಬದ ಮಗುವಿಗೆ ಟಿಕೆಟ್ ಇಲ್ಲ. ಅಲ್ಲಿಂದ 12ರವರೆಗೆ ಅರ್ಧ ಟಿಕೆಟ್. ರೈಲಿನಲ್ಲಿ ಈ ಗೆರೆ 5 ವರ್ಷಕ್ಕೆ ಬೀಳುತ್ತದೆ. ಅದನ್ನು ದಾಟಿದ, 12 ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ; ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ಣ ದರ. ವಿಮಾನದಲ್ಲಿ 2 ವರ್ಷದೊಳಗಿನ ಕೂಸು ತಾಯಿಯ ಮಡಿಲಲ್ಲಿ ಕುಳಿತು ಹೋಗಬಹುದು. ಮಗು ದೊಡ್ಡವರಷ್ಟು ಜಾಗ ಹಿಡಿಯುವುದಿಲ್ಲ, ದೊಡ್ಡವರಷ್ಟು ಉಣ್ಣುವುದಿಲ್ಲ ಎಂಬ ಸರಳ ತಿಳಿವಳಿಕೆಯೇ ಈ ರಿಯಾಯಿತಿಗಳಿಗೆಲ್ಲ ಮೂಲ.

ಈ ತಿಳಿವಳಿಕೆ ಅಷ್ಟಾಗಿ ನಡೆಯದ ಒಂದು ಬಾಗಿಲು ವಿಮಾನ ನಿಲ್ದಾಣದಲ್ಲಿದೆ. ಅದೇ ಲಾಂಜ್. ಮೆತ್ತನೆಯ ಕುರ್ಚಿ, ಬಿಸಿ ಊಟ, ಕಾಫಿ, ಸ್ವಚ್ಛ ಶೌಚಾಲಯಗಳಿರುವ ಈ ವಿಶ್ರಾಂತಿ ಕೊಠಡಿಗೆ ಹಿಂದೆ ದುಬಾರಿ ದರ್ಜೆಯ ಪ್ರಯಾಣಿಕರು ಮಾತ್ರ ಹೋಗುತ್ತಿದ್ದರು. ಇಂದು ಬ್ಯಾಂಕುಗಳು ಕೊಡುವ ಪ್ರೀಮಿಯಂ ಕ್ರೆಡಿಟ್ ಕಾರ್ಡು ಜೇಬಿನಲ್ಲಿದ್ದರೆ ಸಾಮಾನ್ಯ ಟಿಕೆಟಿನವರೂ ಒಳಗೆ ಹೋಗಬಹುದು. ಆದರೆ ‘ಉಚಿತ ಪ್ರವೇಶ’ ಎಂಬ ಜಾಹೀರಾತು ನಂಬಿ ಸಂಸಾರ ಸಮೇತ ಹೋದವರಿಗೆ ಬಾಗಿಲಲ್ಲೇ ತಿಳಿಯುವ ಸಂಗತಿಯೊಂದಿದೆ. ಅಲ್ಲಿನ ಲೆಕ್ಕದಲ್ಲಿ ಕಾರ್ಡುದಾರರು ಸದಸ್ಯರು. ಅವರ ಕೈ ಹಿಡಿದು ನಿಂತ ಸ್ವಂತ ಮಗು ‘ಅತಿಥಿ’!

ಇದು ಹೇಗಾಯಿತೆಂಬುದನ್ನು ತಿಳಿಯಲು ಲಾಂಜಿನ ಹುಟ್ಟನ್ನು ನೋಡಬೇಕು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1939ರ ಸುಮಾರಿಗೆ ನ್ಯೂಯಾರ್ಕಿನ ಲಾ ಗಾರ್ಡಿಯಾ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ತೆರೆಯಿತು. ವಿಮಾನ ಸಂಸ್ಥೆಯೊಂದು ತೆರೆದ ಮೊದಲ ಕ್ಲಬ್ ಇದೆಂದು ಹೇಳಲಾಗುತ್ತದೆ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಸಿ.ಆರ್. ಸ್ಮಿತ್. ಸಂಸ್ಥೆಯ ವಿಮಾನಗಳನ್ನು ‘ಫ್ಲ್ಯಾಗ್‌ಶಿಪ್’ ಎಂದು ಕರೆಯುತ್ತಿದ್ದುದರಿಂದ ಗಣ್ಯ ಪ್ರಯಾಣಿಕರಿಗೆ ನೌಕಾಪಡೆಯ ‘ಅಡ್ಮಿರಲ್’ ಬಿರುದು ಸಿಕ್ಕಿತು. ಸದಸ್ಯತ್ವ ಹಣಕ್ಕೆ ಸಿಗುತ್ತಿರಲಿಲ್ಲ, ಸಂಸ್ಥೆಯೇ ಆಹ್ವಾನಿಸಬೇಕಿತ್ತು. 60ರ ದಶಕದಲ್ಲಿ ಈ ಪದ್ಧತಿ ಬದಲಾಗಿ, ಶುಲ್ಕ ಕೊಟ್ಟವರಿಗೆ ಬಾಗಿಲು ತೆರೆಯಿತು.

ಕುತೂಹಲದ ಸಂಗತಿಯೆಂದರೆ, ಆ ಹಳೆಯ ಕ್ಲಬ್ಬಿನ ನಿಯಮದಲ್ಲಿ ಸಂಸಾರಕ್ಕೆ ಇನ್ನೂ ಜಾಗವಿದೆ. ಅಡ್ಮಿರಲ್ಸ್ ಕ್ಲಬ್ಬಿನ ಸದಸ್ಯರು ತಮ್ಮೊಡನೆ ಇಬ್ಬರು ಅತಿಥಿಗಳನ್ನು ಕರೆದೊಯ್ಯಬಹುದು. ಇಲ್ಲವೇ ಪತಿ ಅಥವಾ ಪತ್ನಿಯನ್ನೂ 18 ವರ್ಷ ತುಂಬದ ತಮ್ಮ ಮಕ್ಕಳನ್ನೂ ಕರೆದೊಯ್ಯಬಹುದು. ಮಕ್ಕಳು ಇಬ್ಬರೋ ಮೂವರೋ ಎಂದು ಅಲ್ಲಿ ಎಣಿಸುವುದಿಲ್ಲ. ಪ್ರಯಾಣಿಕ ಸಂಸಾರಿಯೂ ಆಗಿರಬಹುದೆಂದು ವಿಮಾನ ಸಂಸ್ಥೆ ಒಪ್ಪಿಕೊಂಡಂತಾಯಿತು.

ಕಾರ್ಡಿನ ದಾರಿ ಬೇರೆ. ಫ್ರಾಂಕ್ ಮೆಕ್‌ನಮಾರ 1950ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಡೈನರ್ಸ್ ಕ್ಲಬ್ ಕಾರ್ಡು ಹೋಟೆಲ್ ಬಿಲ್ಲನ್ನು ತಿಂಗಳ ಕೊನೆಗೆ ಕಟ್ಟುವ ಅನುಕೂಲವಾಗಿತ್ತು, ಅಷ್ಟೆ. ಅಮೆರಿಕನ್ ಎಕ್ಸ್‌ಪ್ರೆಸ್ ತನ್ನ ಕಾರ್ಡನ್ನು 1958ರಲ್ಲಿ ತಂದಿತು. 1984ರಲ್ಲಿ ಪ್ಲಾಟಿನಂ ಕಾರ್ಡು ಬಂತು. ಕಾರ್ಡುಗಳು ಹೆಚ್ಚಿದಂತೆ, ಸಾಲ ಕೊಡುವುದಷ್ಟೇ ಗಿರಾಕಿಯನ್ನು ಹಿಡಿದಿಡಲು ಸಾಲದಾಯಿತು. 1992ರಲ್ಲಿ ಆರಂಭವಾದ ‘ಪ್ರಯಾರಿಟಿ ಪಾಸ್’ ಯಾವುದೇ ವಿಮಾನ ಸಂಸ್ಥೆಗೆ ಅಂಟಿಕೊಳ್ಳದೆ, ಬೇರೆ ಬೇರೆ ನಿಲ್ದಾಣಗಳ ಲಾಂಜುಗಳನ್ನು ಒಂದೇ ಸದಸ್ಯತ್ವದಡಿ ತಂದಿತು. ಬ್ಯಾಂಕುಗಳು ಈ ಸದಸ್ಯತ್ವವನ್ನು ಸಗಟಾಗಿ ಕೊಂಡು ತಮ್ಮ ದುಬಾರಿ ಕಾರ್ಡುಗಳ ಜೊತೆ ಕೊಡತೊಡಗಿದವು.

ಇಲ್ಲಿಯೇ ಮಗುವಿನ ಪ್ರಶ್ನೆಗೆ ಉತ್ತರವಿದೆ. ಲಾಂಜಿನ ಕೌಂಟರಿನಲ್ಲಿ ಕಾರ್ಡು ಉಜ್ಜಿದಾಗಲೆಲ್ಲ ಒಂದು ಭೇಟಿ ದಾಖಲಾಗುತ್ತದೆ. ಲಾಂಜ್ ನಡೆಸುವವರು ಆ ಭೇಟಿಗೆ ಇಂತಿಷ್ಟೆಂದು ಮಧ್ಯವರ್ತಿ ಸಂಸ್ಥೆಗೆ ಬಿಲ್ಲು ಕಳಿಸುತ್ತಾರೆ; ಮಧ್ಯವರ್ತಿ ಅದನ್ನು ಬ್ಯಾಂಕಿಗೋ ಕಾರ್ಡು ಜಾಲಕ್ಕೋ ಕಳಿಸುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ತಲೆ ಎಣಿಕೆಯ ಮೇಲೆ. ಬ್ಯಾಂಕು ಒಪ್ಪಿಕೊಂಡಿರುವುದು ಕಾರ್ಡಿನಲ್ಲಿ ಹೆಸರಿರುವವರ ತಲೆಯನ್ನು ಮಾತ್ರ. ಪಕ್ಕದ ಮಗು ಅರ್ಧ ಇಡ್ಲಿ ತಿಂದು ನಿದ್ದೆಹೋದರೂ ಲೆಕ್ಕದ ಪುಸ್ತಕದಲ್ಲಿ ಅದು ಇನ್ನೊಂದು ತಲೆಯೇ.

ಒಂದು ಉದಾಹರಣೆ ನೋಡಬಹುದು. ತಂದೆಯ ಬಳಿ ಕಾರ್ಡಿನೊಡನೆ ಬಂದ ಪ್ರಯಾರಿಟಿ ಪಾಸ್ ಇದೆ. ಜೊತೆಗೆ ತಾಯಿ, 7 ವರ್ಷದ ಮಗಳು, 3 ವರ್ಷದ ಮಗ. ಅತಿಥಿಯೊಬ್ಬರಿಗೆ 35 ಡಾಲರ್ ಎಂಬ ದರವಿದ್ದು, ಆ ಲಾಂಜಿನಲ್ಲಿ 2 ವರ್ಷದೊಳಗಿನವರಿಗೆ ಮಾತ್ರ ವಿನಾಯಿತಿ ಇದ್ದರೆ ಮೂವರಿಗೆ 105 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 8,925 ರೂಪಾಯಿ, ತೆರಿಗೆ ಬೇರೆ. ಈ ಹಣವನ್ನು ಅನೇಕ ಸಲ ಬಾಗಿಲಲ್ಲಿ ಕೇಳುವುದೂ ಇಲ್ಲ. ಕೆಲವು ವಾರಗಳ ನಂತರ ಕಾರ್ಡಿನ ಬಿಲ್ಲಿನಲ್ಲಿ ಅದು ಕಾಣಿಸಿಕೊಂಡಾಗಲೇ ಆ ದಿನದ ಉಪಾಹಾರದ ಬೆಲೆ ಗೊತ್ತಾಗುವುದು. ಅದೇ ಸಂಸಾರ ಹೊರಗಿನ ಹೋಟೆಲಿನಲ್ಲಿ ಕುಳಿತು ತಿಂದಿದ್ದರೆ ಇದಕ್ಕಿಂತ ಬಹಳ ಕಡಿಮೆಗೆ ಮುಗಿಯುತ್ತಿತ್ತು.

ವಯಸ್ಸಿನ ಗೆರೆ ಎಲ್ಲೆಡೆ ಒಂದೇ ಕಡೆ ಇಲ್ಲದಿರುವುದು ಇನ್ನೊಂದು ತೊಡಕು. ಒಂದು ಲಾಂಜಿನಲ್ಲಿ 2 ವರ್ಷದವರೆಗೆ ಉಚಿತವಾದರೆ ಮತ್ತೊಂದರಲ್ಲಿ 5ರವರೆಗೆ ಇರಬಹುದು. ಮಕ್ಕಳಿಗೆ ಪ್ರತ್ಯೇಕ ದರವಿಟ್ಟವರು ಕಡಿಮೆ. ಅಂಥವರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ನಡೆಸುವ ಸೆಂಚುರಿಯನ್ ಲಾಂಜುಗಳು ಸೇರಿವೆ. 2013ರಲ್ಲಿ ಲಾಸ್ ವೇಗಸ್‌ನಲ್ಲಿ ಈ ಹೆಸರಿನ ಮೊದಲ ಲಾಂಜ್ ತೆರೆಯಿತು. ಜನಸಂದಣಿ ಹೆಚ್ಚಿದ ಮೇಲೆ, 2023ರ ಫೆಬ್ರುವರಿಯಿಂದ ಅಮೆರಿಕದ ಪ್ಲಾಟಿನಂ ಕಾರ್ಡುದಾರರು ಕರೆತರುವ ವಯಸ್ಕ ಅತಿಥಿಗೆ 50 ಡಾಲರ್, 2ರಿಂದ 17 ವರ್ಷದವರಿಗೆ 30 ಡಾಲರ್ ಎಂದು ಗೊತ್ತುಪಡಿಸಲಾಯಿತು. ವರ್ಷಕ್ಕೆ 75,000 ಡಾಲರ್ ಖರ್ಚು ಮಾಡುವವರಿಗೆ ಮಾತ್ರ ಈ ಶುಲ್ಕದಿಂದ ಬಿಡುಗಡೆ. ಅರ್ಧ ಟಿಕೆಟಿಗೆ ಹತ್ತಿರವಾದ ಏರ್ಪಾಡು ಇದ್ದರೆ ಅದು ಇದೇ. ಆದರೂ ಅರ್ಧಕ್ಕಿಂತ ಹೆಚ್ಚೇ.

ಹಾಗಾದರೆ ಮಗುವಿನ ಹೆಸರಿನಲ್ಲೇ ಕಾರ್ಡು ಮಾಡಿಸಬಹುದೇ? ಅಮೆರಿಕದಲ್ಲಿ 13 ವರ್ಷ ತುಂಬಿದವರಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಹೆಚ್ಚುವರಿ ಕಾರ್ಡು ಕೊಡುತ್ತದೆ. ಭಾರತದಲ್ಲಿ ಇಂಥ ಆಡ್-ಆನ್ ಕಾರ್ಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ 18 ವರ್ಷ ತುಂಬಿರಬೇಕೆನ್ನುತ್ತವೆ. ಹೀಗಾಗಿ ಪತ್ನಿಗೋ ಪತಿಗೋ, ವಯಸ್ಸಾದ ತಂದೆತಾಯಿಗೋ ಈ ದಾರಿ ಉಪಯೋಗಕ್ಕೆ ಬಂದೀತು. ಶಾಲೆಗೆ ಹೋಗುವ ಮಕ್ಕಳಿಗೆ ಬರುವುದಿಲ್ಲ.

ಭಾರತದಲ್ಲಿ ದೊಡ್ಡವರಿಗೇ ಈ ಬಾಗಿಲು ಈಚೆಗೆ ಕಿರಿದಾಗುತ್ತಿದೆ. ಒಂದೆರಡು ರೂಪಾಯಿ ಕಡಿತದೊಡನೆ ಒಳಗೆ ಬಿಡುವ ಕಾರ್ಡುಗಳು ಹೆಚ್ಚಿ, ಲಾಂಜುಗಳ ಮುಂದೆ ಉದ್ದನೆಯ ಸಾಲುಗಳು ಬೆಳೆದವು. ಎಚ್‌ಡಿಎಫ್‌ಸಿ ಬ್ಯಾಂಕು 2023ರ ಡಿಸೆಂಬರಿನಿಂದ ತನ್ನ ರೀಗಾಲಿಯಾ ಕಾರ್ಡಿನ ಲಾಂಜ್ ಸೌಲಭ್ಯಕ್ಕೆ ಮೂರು ತಿಂಗಳಿಗೆ 1 ಲಕ್ಷ ರೂಪಾಯಿ ಖರ್ಚಿನ ಷರತ್ತು ಹಾಕಿತು. ಐಸಿಐಸಿಐ ಬ್ಯಾಂಕು 2024ರ ಏಪ್ರಿಲ್‌ನಿಂದ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚಾಗಿರಬೇಕೆಂದಿತು. ಮಧ್ಯವರ್ತಿಗಳಲ್ಲಿ ದೊಡ್ಡದಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರಿನಲ್ಲಿ ದೇಶೀಯ ಲಾಂಜ್ ಸೇವೆಯನ್ನೇ ನಿಲ್ಲಿಸಿತು. ಕಳೆದ ಸಲ ಮಕ್ಕಳನ್ನು ಸುಮ್ಮನೆ ಒಳಗೆ ಬಿಟ್ಟರೆಂಬ ನೆನಪು ಈ ಸಲದ ಪ್ರಯಾಣಕ್ಕೆ ಆಧಾರವಾಗಲಾರದು.

ದಾರಿಹೋಕರಿಗೆ ತಂಗಲು ಜಾಗ ಕೊಡುವುದು ಕನ್ನಡ ನಾಡಿಗೆ ಹೊಸತೇನಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ತೆರೆದದ್ದು ಊರಿಗೆ ಬಂದಿಳಿದ ಪ್ರಯಾಣಿಕರಿಗಾಗಿಯೇ. ಬೇಸಗೆಯ ಅರವಟ್ಟಿಗೆಯಲ್ಲಿ ನೀರು ಮಜ್ಜಿಗೆ ಕೊಡುವವರು ಬಾಯಾರಿದವರ ವಯಸ್ಸು ಕೇಳುವುದಿಲ್ಲ. ಛತ್ರದ ಖರ್ಚು ಕಟ್ಟಿಸಿದವರದು. ಆದ್ದರಿಂದ ಅಲ್ಲಿ ಬಂದವರೆಲ್ಲ ನಿಜವಾಗಿ ಅತಿಥಿಗಳು. ಲಾಂಜಿನ ಖರ್ಚು ವಾರ್ಷಿಕ ಶುಲ್ಕವಾಗಿ, ವ್ಯಾಪಾರಿಗಳು ತೆರುವ ಕಮಿಷನ್ನಾಗಿ, ಬಾಕಿಯ ಮೇಲಿನ ಬಡ್ಡಿಯಾಗಿ ಬ್ಯಾಂಕಿಗೆ ಬರುವ ಹಣದಿಂದಲೇ ನಡೆಯಬೇಕು. ಹೆಸರು ಆತಿಥ್ಯದ್ದು, ನಡೆ ವ್ಯಾಪಾರದ್ದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡನ್ನೂ ಒಂದೇ ಎಂದು ತಿಳಿದವರಿಗೆ ಬಾಗಿಲಲ್ಲಿ ಮುಜುಗರ ಕಾದಿರುತ್ತದೆ.

ಆದ್ದರಿಂದ ಮಕ್ಕಳೊಡನೆ ಹೊರಡುವವರು ಮನೆಯಲ್ಲೇ ಎರಡು ನಿಯಮಗಳನ್ನು ಓದಿಕೊಳ್ಳುವುದು ಒಳ್ಳೆಯದು. ಕಾರ್ಡು ಎಷ್ಟು ಜನರಿಗೆ ಹಕ್ಕು ಕೊಡುತ್ತದೆಂಬುದು ಬ್ಯಾಂಕಿನ ನಿಯಮ; ಎಷ್ಟು ವರ್ಷದ ಮಗು ಲೆಕ್ಕಕ್ಕಿಲ್ಲವೆಂಬುದು ಆಯಾ ಲಾಂಜಿನ ನಿಯಮ. ಮಗುವಿನ ವಯಸ್ಸಿನ ದಾಖಲೆ ಕೈಯಲ್ಲಿರಲಿ. ಕಾರ್ಡು ಉಜ್ಜುವ ಮೊದಲೇ ‘ಮಕ್ಕಳಿಗೆಷ್ಟು? ಎಷ್ಟು ಹೊತ್ತು ಇರಬಹುದು?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎರಡು ಮೂರು ಗಂಟೆಯ ಮಿತಿ ಸಾಮಾನ್ಯ. ಲಾಂಜ್ ಬೇಡವೆನಿಸಿದರೆ ದೊಡ್ಡ ನಿಲ್ದಾಣಗಳಲ್ಲಿ ಕೂಸಿಗೆ ಹಾಲೂಡಿಸಲು, ಬಟ್ಟೆ ಬದಲಿಸಲು ಉಚಿತ ಕೊಠಡಿಗಳಿವೆ. ಎಳೆಮಗುವಿಗೆ ಬೇಕಾದಷ್ಟು ಹಾಲು, ಆಹಾರವನ್ನು ಭದ್ರತಾ ತಪಾಸಣೆ ದಾಟಿಸಿ ಒಯ್ಯಲು ಅವಕಾಶವಿದೆ.

ವಿಮಾನ ತಡವಾದ ರಾತ್ರಿಯಲ್ಲಿ ವಿಶ್ರಾಂತಿಯ ಅಗತ್ಯ ಯಾರಿಗೆ ಹೆಚ್ಚು ಎಂದು ಕೇಳಿದರೆ, ಒಂಟಿಯಾಗಿ ಹೊರಟ ಅಧಿಕಾರಿಗಿಂತ ನಿದ್ದೆಗೆಟ್ಟ ಮಗುವನ್ನೆತ್ತಿಕೊಂಡ ತಾಯಿಯ ಕಡೆಗೇ ಯಾರಾದರೂ ಕೈ ತೋರಿಸಿಯಾರು. ಕಾರ್ಡಿನ ನಿಯಮಗಳನ್ನು ಬರೆದದ್ದು ಮೊದಲನೆಯವನನ್ನು ಕಣ್ಣಮುಂದಿಟ್ಟುಕೊಂಡು. ಬಸ್ಸಿನ ಅರ್ಧ ಟಿಕೆಟಿನಷ್ಟು ಸಣ್ಣ ವಿವೇಕ ಲಾಂಜಿನ ಬಾಗಿಲಿಗೂ ಬಂದರೆ, ಮಗು ತನ್ನ ತಂದೆತಾಯಿಗೇ ಅತಿಥಿಯಾಗುವ ವಿಚಿತ್ರ ತಪ್ಪೀತು.