ಹದಿನೈದಾದರೂ ಮುಟ್ಟಾಗಿಲ್ಲವೇ? ಚಿಗಳಿ ತಿನ್ನಿಸಿ ಕಾಯಬೇಡಿ, ಒಮ್ಮೆ ಸ್ಕ್ಯಾನ್ ಮಾಡಿಸಿ

"ಹುಡುಗಿ ಇನ್ನೂ ದೊಡ್ಡವಳಾಗಿಲ್ಲವೇ? ಎಳ್ಳು-ಬೆಲ್ಲದ ಚಿಗಳಿ, ಪಪ್ಪಾಯಿ ಕೊಡಿ." ಈ ಸಲಹೆ ಅಡುಗೆಮನೆಯಲ್ಲೂ ಸಿಗುತ್ತದೆ, ವಾಟ್ಸಪ್‌ನಲ್ಲೂ ಸಿಗುತ್ತದೆ. "ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಕ್ಕೆ ಮಗಳಿಗೆ ಗರ್ಭಕೋಶದ ದೋಷ" ಎನ್ನುವವರೂ ಇದ್ದಾರೆ. ನಿಜ ಏನು?

ಗರ್ಭಕೋಶ ಹೇಗೆ ರೂಪುಗೊಳ್ಳುತ್ತದೆ?

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗ, ಮೊದಲ ಕೆಲವು ತಿಂಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಸಣ್ಣ ನಾಳ ಇರುತ್ತದೆ. ಇವು ಮುಲ್ಲೇರಿಯನ್ ನಾಳಗಳು. ಇವುಗಳ ಕೆಳಭಾಗ ಒಂದಕ್ಕೊಂದು ಕೂಡಿಕೊಂಡು, ನಡುವಿನ ಗೋಡೆ ಕರಗಿ, ಒಂದೇ ಗರ್ಭಕೋಶವಾಗುತ್ತದೆ. ಈ ಕೆಲಸ ಎಲ್ಲಿ ನಿಂತಿತು ಎಂಬುದರ ಮೇಲೆ ತೊಂದರೆಯ ಸ್ವರೂಪ ನಿರ್ಧಾರವಾಗುತ್ತದೆ:

• ನಾಳಗಳು ಸರಿಯಾಗಿ ಕೂಡದಿದ್ದರೆ ಎರಡು ಕೊಂಬಿನಂಥ ಗರ್ಭಕೋಶ.
• ಗೋಡೆ ಕರಗದಿದ್ದರೆ ಒಳಗೆ ಅಡ್ಡಗೋಡೆ. ಮುಟ್ಟು ಸರಿಯಾಗಿಯೇ ಆಗುತ್ತದೆ; ಆದರೆ ಕೆಲವರಿಗೆ ಮತ್ತೆ ಮತ್ತೆ ಗರ್ಭಪಾತವಾಗಬಹುದು.
• ನಾಳಗಳು ಬೆಳೆಯದೇ ಹೋದರೆ ಗರ್ಭಕೋಶವೇ ಇರುವುದಿಲ್ಲ. ಸುಮಾರು 4,500–5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇದರ ಹೆಸರು ಎಂಆರ್‌ಕೆಎಚ್.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ತಾಯಿಯ ತಪ್ಪೂ ಅಲ್ಲ, ಶಾಪವೂ ಅಲ್ಲ.

ಹೊಟ್ಟೆನೋವಿದೆ, ಮುಟ್ಟಿಲ್ಲ

ಕೆಲವರಲ್ಲಿ ಗರ್ಭಕೋಶ ಸರಿಯಾಗಿದ್ದು, ಯೋನಿಯ ಬಾಯಿಯನ್ನು ಪೊರೆ ಪೂರ್ತಿ ಮುಚ್ಚಿರುತ್ತದೆ. ಮುಟ್ಟಿನ ರಕ್ತ ಒಳಗೇ ತುಂಬಿಕೊಳ್ಳುತ್ತದೆ. ಪ್ರತಿ ತಿಂಗಳು ಹೊಟ್ಟೆನೋವು ಬರುತ್ತದೆ, ಕೆಲವೊಮ್ಮೆ ಮೂತ್ರವೂ ಕಟ್ಟುತ್ತದೆ. ಇಂಥವರಿಗೆ ಚಿಗಳಿಯಾಗಲಿ, ಮೆಡಿಕಲ್ ಶಾಪ್‌ನಿಂದ ತಂದ "ಮುಟ್ಟು ಬರಿಸುವ" ಮಾತ್ರೆಯಾಗಲಿ ದಾರಿ ತೆರೆಯುವುದಿಲ್ಲ. ಬೇಕಿರುವುದು ಚಿಕ್ಕ ಶಸ್ತ್ರಚಿಕಿತ್ಸೆ. "ಪೊರೆ ತೆರೆಸಿದರೆ ಕನ್ಯತ್ವ ಹೋಗುತ್ತದೆ" ಎಂದು ಹೆದರಿ ಮುಂದೂಡಬೇಡಿ. ಅದು ಚಿಕಿತ್ಸೆ, ಅಷ್ಟೇ.

ಗರ್ಭಕೋಶ ಇಲ್ಲದಿದ್ದರೆ?

ಎಂಆರ್‌ಕೆಎಚ್ ಇರುವವರಲ್ಲಿ ಅಂಡಾಶಯ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಎದೆಯ ಬೆಳವಣಿಗೆಯೂ ಎಲ್ಲರಂತೆ ಆಗುತ್ತದೆ. ಅದಕ್ಕೇ ಮನೆಯವರಿಗೆ ಬೇಗ ಗೊತ್ತಾಗುವುದಿಲ್ಲ. "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದು ಮುಚ್ಚಿಟ್ಟು ಮದುವೆ ಮಾಡಿದರೆ, ಕೊನೆಗೆ ಬೈಗುಳ ತಿನ್ನುವವಳು ಆ ಹುಡುಗಿಯೇ. ಯೋನಿ ಚಿಕ್ಕದಾಗಿದ್ದರೆ ಚಿಕಿತ್ಸೆ ಇದೆ, ದಾಂಪತ್ಯ ಸಾಧ್ಯ. ತನ್ನದೇ ಅಂಡಾಣುವಿನಿಂದ ಮಗು ಪಡೆಯಲು 2021ರ ಬಾಡಿಗೆ ತಾಯ್ತನ ಕಾಯ್ದೆಯಲ್ಲಿ ಷರತ್ತುಗಳೊಂದಿಗೆ ಅವಕಾಶವಿದೆ. 2014ರಲ್ಲಿ ಸ್ವೀಡನ್‌ನಲ್ಲಿ, ಹುಟ್ಟಿನಿಂದ ಗರ್ಭಕೋಶವಿಲ್ಲದ ಮಹಿಳೆ ಕಸಿ ಮಾಡಿದ ಗರ್ಭಕೋಶದಲ್ಲಿ ಮಗು ಹೆತ್ತರು.

ಯಾವಾಗ, ಎಲ್ಲಿಗೆ ಹೋಗಬೇಕು?

15 ವರ್ಷವಾದರೂ ಮುಟ್ಟಾಗದಿದ್ದರೆ, 13 ಆದರೂ ಎದೆಯ ಬೆಳವಣಿಗೆ ಶುರುವಾಗದಿದ್ದರೆ, ಅಥವಾ ಮುಟ್ಟಿಲ್ಲದೆ ತಿಂಗಳಿಗೊಮ್ಮೆ ಹೊಟ್ಟೆನೋವು ಬಂದರೆ ವೈದ್ಯರಿಗೆ ತೋರಿಸಿ. ಭದ್ರಾವತಿಯವರು ಊರಿನ ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಮೊದಲ ಪರೀಕ್ಷೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದ ಮಾಡುವ ಅಲ್ಟ್ರಾಸೌಂಡ್, ನೋವಿಲ್ಲ. ಅಗತ್ಯವಿದ್ದರೆ ಎಂಆರ್‌ಐ. ಕಿಡ್ನಿಯನ್ನೂ ನೋಡಲು ಹೇಳಿ. ಗರ್ಭಕೋಶ ಮತ್ತು ಕಿಡ್ನಿ ಅಕ್ಕಪಕ್ಕದಲ್ಲೇ ರೂಪುಗೊಳ್ಳುವುದರಿಂದ ಇಂಥವರಲ್ಲಿ ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ.

ಚಿಗಳಿ ಒಳ್ಳೆಯ ತಿಂಡಿ, ಧಾರಾಳವಾಗಿ ತಿನ್ನಿ. ಔಷಧಿ ಎಂದು ಮಾತ್ರ ಫಾರ್ವರ್ಡ್ ಮಾಡಬೇಡಿ.